ಹಾರ್ನ್ ಇಲ್ಲದ ಕಾರು

“ಸಾಯಿರಾ, ಸೂಜಿ ಎಲ್ಲಿಗೆ ಬಂತು?”

“ಅರ್ಧಕ್ಕೈತಿ, ಅಬ್ಬಾ.”

ಸುಳ್ಳು. ಸೂಜಿ ಅರ್ಧ ದಾಟಿ ಕೆಂಪು ಗೆರೆಯ ಕಡೆ ಹೊರಟಿತ್ತು.

ಅಬ್ಬಾನಿಗೆ ಚಾಳೀಸು ಬಂದಿದೆ. ದೂರದ್ದು ಕಾಣುತ್ತದೆ, ಹತ್ತಿರದ್ದು ಮಸುಕು. ಹಾಗಾಗಿ ಇಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಸೂಜಿಯನ್ನು ನೋಡುವುದು ಸಾಯಿರಾಳ ಕೆಲಸ.

ಹಿಂದಿನ ಸೀಟಿನಲ್ಲಿ ಅಕ್ಕ, ನಾಜಿಮಾ ಆಪಾ, ಅವಳ ತೊಡೆಯ ಮೇಲೆ ಕೂಸು ಅಕೀಬ. ಬಾಣಂತನ ಮುಗಿದಿತ್ತು. ಆಪಾಳನ್ನು ಐನಾಪುರದಿಂದ ಭೋಜಕ್ಕೆ, ಗಂಡನ ಮನೆಗೆ ಬಿಡಲು ಹೊರಟಿದ್ದರು.

ನಾಳೆಯಿಂದ ಸಾಯಿರಾಳ ತಲೆ ಬಾಚುವುದು ಅಮ್ಮಿ. ಅಮ್ಮಿ ಬಾಚಿದರೆ ಕೂದಲು ಕಿತ್ತು ಬರುತ್ತದೆ. ಹಾಸಿಗೆಯಲ್ಲಿ ಪಕ್ಕದ ಜಾಗ ಖಾಲಿ. ಪ್ರತಿ ಸಲ ಭೋಜದಿಂದ ಹೊರಡುವಾಗ ಅಬ್ಬಾ ಓಣಿಯ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯುತ್ತಾರೆ. ಅದು ಕೇಳುವವರೆಗೂ ಆಪಾ ಬಾಗಿಲಲ್ಲೇ ನಿಂತಿರುತ್ತಾಳೆ, ಕೇಳಿದ ಮೇಲೆ ಒಳಗೆ ಹೋಗುತ್ತಾಳೆ. ಆ ಹಾರ್ನ್ ಕಂಡರೆ ಸಾಯಿರಾಗೆ ಆಗುವುದಿಲ್ಲ.

ಕಾರು ಕೆಟ್ಟರೆ ಎಲ್ಲರೂ ಮನೆಗೆ ವಾಪಸ್. ಅಷ್ಟೇ ಅವಳ ತಲೆಯಲ್ಲಿದ್ದದ್ದು.

ಸದಲಗಾ ದಾಟಿದ ಮೇಲೆ ಮುಂದೆಲ್ಲ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಕಾರು ತೆವಳಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆಯಂಥ ಆವಿ ಎದ್ದಿತು.

“ಅರ್ಧಕ್ಕೈತಿ ಅಂದ್ಯಲ್ಲೇ!” ಅಬ್ಬಾ ಗಾಡಿಯನ್ನು ಬದಿಗೆ ತಂದು ಬಂದ್ ಮಾಡಿದರು.

ಸಾಯಿರಾ ಉಗುರು ನೋಡಿಕೊಂಡಳು.

“ಏನ್ರಿ ಮಾಮು, ಚಹಾ ಕಾಸಾಕತ್ತೀರೇನು?” ಟ್ರ್ಯಾಕ್ಟರಿನ ಮೇಲಿಂದ ಒಬ್ಬ ಕೂಗಿದ.

“ಸಕ್ಕರಿ ನಿನ್ನ ಗಾಡ್ಯಾಗ ಐತಲ್ಲಪಾ, ಇಳಿಸು!” ಎಂದರು ಅಬ್ಬಾ. ಆದರೆ ಅವರು ನಗಲಿಲ್ಲ.

ಎಲ್ಲರೂ ಜಾಲಿ ಗಿಡದ ನೆರಳಿಗೆ ಹೋದರು. ಇಂಜಿನ್ ಆರಿದ ಮೇಲೆ ಅಬ್ಬಾ ನೀರು ಹಾಕಿದರು, ಚಾಲೂ ಮಾಡಿ ಎಸಿ ಹಚ್ಚಿದರು. ಎಸಿ ಹಚ್ಚಿದರೆ ಇಂಜಿನ್ ತಂಪು ಮಾಡುವ ರೇಡಿಯೇಟರಿನ ಫ್ಯಾನ್ ತಿರುಗಬೇಕು. ಅದು ಅಲುಗಲೇ ಇಲ್ಲ.

ಫ್ಯೂಸ್ ತೆಗೆದು ಬಿಸಿಲಿಗೆ ಹಿಡಿದರು. “ಸಾಯಿರಾ, ಒಳಗಿನ ತಂತಿ ಹರದೈತೇನು?”

“ಇಲ್ಲ ಅಬ್ಬಾ.” ಈ ಸಲ ನಿಜ.

ಬ್ಯಾಟರಿಯಿಂದ ತಂತಿ ಎಳೆದು ಫ್ಯಾನಿಗೆ ಡೈರೆಕ್ಟ್ ಮುಟ್ಟಿಸಿದರು. ಗರ್ರ್ ಎಂದು ಫ್ಯಾನ್ ತಿರುಗಿತು! ತಂತಿ ಚುರುಕ್ ಎಂದಿತು, ಕೈ ಬಿಟ್ಟರು.

“ಹಿಂಗ ಕಟ್ಟಿ ಓಡಿಸಿದ್ರ ತಂತಿ ಸುಡತೈತಿ. ಫ್ಯಾನ್ ಚಲೋ ಐತಿ, ಫ್ಯೂಸ್ ಚಲೋ ಐತಿ. ಹಂಗಾರ ನಡುವಿನ ರಿಲೇ ಹೋಗೈತಿ.”

ರಿಲೇ ಎಂದರೆ ಬೆಂಕಿಪೆಟ್ಟಿಗೆಗಿಂತ ಸಣ್ಣ ಕರಿ ಡಬ್ಬಿ. ಫ್ಯಾನಿಗೆ ಕರೆಂಟ್ ಬಿಡುವುದು ಅದೇ. ಅಬ್ಬಾ ಗ್ಯಾರೇಜಿನ ನದೀಮ ಕಾಕಾನಿಗೆ ಫೋನ್ ಹಚ್ಚಿದರು. ಸ್ವಿಚ್ ಆಫ್. ಶುಕ್ರವಾರ, ಜುಮ್ಮಾ ನಮಾಜಿನ ಹೊತ್ತು.

“ಭೋಜದ ಕಡೆ ಬರೀ ಕಬ್ಬಿನ ಗಾಡಿ. ತೆವಳಿದ್ರ ಮತ್ತ ಕುದಿತೈತಿ. ಹಿಂದಿನ ರಸ್ತೆ ಖಾಲಿ ಐತಿ, ಜೋರು ಹೋದ್ರ ಗಾಳಿಗೇ ತಂಪಾಕ್ಕೈತಿ. ಮನಿಗೆ ತಿರುಗೂನು ಬರ್ರಿ.”

ಸಾಯಿರಾ ಎದ್ದು ನಿಂತೇಬಿಟ್ಟಳು. ಮನೆಗೆ!

ಆದರೆ ಅವಳಿಗೆ ಒಂದು ಸಂಗತಿ ಗೊತ್ತಿತ್ತು. ಒಮ್ಮೆ ಗ್ಯಾರೇಜಿನಲ್ಲಿ, ಅಬ್ಬಾ ಚಹಾಕ್ಕೆ ಹೋದಾಗ, ನದೀಮ ಕಾಕಾ ಯಾರದೋ ಕಾರಿನ ಹಾರ್ನಿನ ರಿಲೇ ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿದ್ದರು. ಎರಡೂ ಒಂದೇ ನಮೂನಿ. ಫ್ಯಾನ್ ತಿರುಗಿತ್ತು.

ಸಾಯಿರಾ ತುಟಿ ಬಿಗಿ ಹಿಡಿದಳು.

ಆಪಾ ಫೋನಿನಲ್ಲಿ ಒಂದು ಫೋಟೊ ನೋಡುತ್ತಿದ್ದಳು. ಭೋಜದ ಮನೆ, ಜಂತಿಗೆ ಕಟ್ಟಿದ ತೊಟ್ಟಿಲು, ಪಕ್ಕದಲ್ಲಿ ಆಪಾಳ ಗಂಡ.

“ನೋಡ ಬೇ, ನಿಮ್ಮ ದುಲ್ಹಾಭಾಯಿ ತಾವ ಕಟ್ಟ್ಯಾರಂತ. ಹೆಂಗ ಸೊಟ್ಟ ಕಟ್ಟ್ಯಾರ! ನಾ ಹೋಗಿ ಸರಿ ಮಾಡಬೇಕು.”

ಆಪಾ ನಕ್ಕಳು. ಬೆರಳಿನಿಂದ ಫೋಟೊ ದೊಡ್ಡದು ಮಾಡಿದಳು. ಆಮೇಲೆ ತಲೆ ಎತ್ತಿ ಭೋಜದ ರಸ್ತೆ ನೋಡುತ್ತಾ ಕೂತಳು. ಅಕೀಬ ಸೆರಗು ಎಳೆದರೂ ಅವಳ ಗಮನ ಇತ್ತ ಬರಲಿಲ್ಲ.

ಆ ನೋಟ ಸಾಯಿರಾಗೆ ಗೊತ್ತು. ಆಪಾ ಬರುವ ದಿನ ಐನಾಪುರದ ಕಟ್ಟೆಯ ಮೇಲೆ ಕೂತು ತಾನೂ ಹಾಗೇ ರಸ್ತೆ ನೋಡುತ್ತಿದ್ದಳು.

ಅಬ್ಬಾ ಬಾನೆಟ್ ಮುಚ್ಚಲು ಕೈ ಎತ್ತಿದರು.

“ಅಬ್ಬಾ, ಹಾರ್ನಿನ ರಿಲೇ ತಗದು ಫ್ಯಾನಿಗೆ ಹಾಕ್ರಿ. ನದೀಮ ಕಾಕಾ ಹಂಗ ಮಾಡಿದ್ರು.”

ಅಬ್ಬಾ ಕಣ್ಣು ಕಿರಿದು ಮಾಡಿ ನೋಡಿದರು. ಹಾರ್ನಿನ ಡಬ್ಬಿ ಕಿತ್ತು ಫ್ಯಾನಿನ ಜಾಗಕ್ಕೆ ಕೂರಿಸಿದರು. ಎಸಿ ಹಚ್ಚಿದರು. ಗರ್ರ್!

“ಗೊತ್ತಿದ್ರ ಮೊದಲ ಯಾಕ ಹೇಳಲಿಲ್ಲ?”

ಸಾಯಿರಾ ಓಡಿ ಹೋಗಿ ಕಾರಿನ ಬಾಗಿಲು ತೆಗೆದಳು. ಆಪಾ ಅವಳ ಜಡೆಯನ್ನು ಮೆಲ್ಲಗೆ ಜಗ್ಗಿದಳು.

ಸಂಜೆ ಭೋಜದಿಂದ ಹೊರಟಾಗ ಆಪಾ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಳು. ತಿರುವು ಬಂತು. ಅಬ್ಬಾ ರೂಢಿಯಂತೆ ಹಾರ್ನ್ ಒತ್ತಿದರು. ಸದ್ದೇ ಇಲ್ಲ.

ಸಾಯಿರಾ ತಿರುಗಿ ನೋಡಿದಳು. ಆಪಾ ಇನ್ನೂ ನಿಂತೇ ಇದ್ದಳು. ಒಳಗಿನಿಂದ ಯಾರೋ ಕರೆಯುತ್ತಿದ್ದರು.

ಸಾಯಿರಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು.

“ಪೀಂ! ಪೀಂ!”

ಗಂಟಲು ಹರಿಯುವ ಹಾಗೆ ಕೂಗಿದಳು. ಆಪಾ ಬಗ್ಗಿ ಬಗ್ಗಿ ನಕ್ಕಳು. ಅಕೀಬನ ಪುಟ್ಟ ಕೈ ಹಿಡಿದು ಅಲ್ಲಾಡಿಸಿ ಒಳಗೆ ಹೋದಳು.

“ಸೂಜಿ ಎಲ್ಲಿಗೆ ಬಂತವಾ?” ಅಬ್ಬಾ ಕೇಳಿದರು.

ಸಾಯಿರಾ ತೋಳಿನಿಂದ ಕಣ್ಣು ಒರೆಸಿಕೊಂಡು ನೋಡಿದಳು.

“ಅರ್ಧಕ್ಕೈತಿ, ಅಬ್ಬಾ.”

ಅರ್ಧಕ್ಕೇ ಇತ್ತು.