ಬಂಡೆಯ ಎದೆಯಳತೆ

ಬೆಳಗಿನ ಲೋಕಲ್ ರೈಲಿನಿಂದಿಳಿದು ನಾನೂ ಅಕ್ಕನೂ ಬಂಡೆಗಳ ಬಯಲಿಗೆ ನಡೆದೆವು. ಆಳೆತ್ತರದ ಕಲ್ಲುಕಂಬಗಳಿಗೆ ಗಾಳಿಮಳೆ ಕಡೆದುಕೊಟ್ಟಿದ್ದ ಭುಜ, ಎದೆ, ಸೊಂಟ ನೋಡಿ, ಮೂವತ್ತು ವರ್ಷದಿಂದ ಅಂಗಿ ಹೊಲಿಯುತ್ತಿರುವ ನಾನೇ ಬೆರಗಾದೆ.

“ನಿನ್ನ ಗಿರಾಕಿಗಳ ಥರ ಅಲ್ಲಾಡಲ್ಲ. ಅಳತೆ ತಗೋ,” ಅಂದಳು ಅಕ್ಕ.

ನಗುತ್ತಲೇ ಜೇಬಿನ ಟೇಪು ತೆಗೆದು ಒಂದರ ಎದೆಗೆ ಸುತ್ತಿದೆ. ನೆರಳಿನಲ್ಲಿದ್ದರೂ ಕಲ್ಲು ಬೆಚ್ಚಗಿತ್ತು. ಐವತ್ತೆರಡು ಇಂಚು. ಅಂಗಡಿಯಲ್ಲಿ ಎಲ್ಲರಿಗೂ ಹೇಳುವ ಮಾತು ತಾನಾಗಿ ಬಾಯಿಗೆ ಬಂತು: “ಉಸಿರು ಹಿಡೀಬೇಡಿ, ಬಿಟ್ಬಿಡಿ.”

ಟೇಪು ಕೈಯಲ್ಲೇ ಸಡಿಲವಾಯಿತು. ಮತ್ತೆ ಎಳೆದು ನೋಡಿದೆ, ಐವತ್ತು.

“ಮೊದಲು ತಪ್ಪು ಓದಿರ್ತೀಯ,” ಅಂದಳು ಅಕ್ಕ.

ಸಂಜೆ ರೈಲಿಗೆ ಹೊರಡುವಾಗ ಟೇಪನ್ನು ಅವಳ ಕೈಗೇ ಕೊಟ್ಟೆ. ಅವಳು ಅದೇ ಕಲ್ಲಿನ ಎದೆಗೆ ಸುತ್ತಿ, ಎರಡು ಸಲ ನೋಡಿ, ಮೆಲ್ಲಗೆ ಓದಿದಳು: ಐವತ್ತೆರಡು.