ತೊಚಿದಾನಿಯ ಹಳದಿ ಬಟ್ಟೆಗಳು

ಬೆಳಗಿನ ಹೊತ್ತಿಗೆ ಮಳೆ ನಿಂತಿತು. ಕುನಾಗಿ ಪೇಟೆಯ ಕಂಬಗಳ ಮೇಲಿನ ಧ್ವನಿವರ್ಧಕಗಳು ಗೊರಗೊರ ಸದ್ದು ಮಾಡಿ ಮಾತಾಡತೊಡಗಿದವು.

"ಕುಡಿಯುವ ನೀರಿನ ಲಾರಿ ಶಾಲೆಯ ಮುಂದಿದೆ. ಮನೆಯ ಕೆಸರು ತೆಗೆಯಲು ಆಳು ಬೇಕಾದವರು ಪುರಸಭೆಗೆ ತಿಳಿಸಿ. ಸಂಜೆ ಮತ್ತೆ ಜೋರು ಮಳೆಯಿದೆ, ನದಿಯ ಹತ್ತಿರ ಹೋಗಬೇಡಿ. ತೊಚಿದಾನಿಯಿಂದ ಇನ್ನೂ ಸುದ್ದಿ ಬಂದಿಲ್ಲ."

ಆ ಕೊನೆಯ ಮಾತಿಗಾಗಿಯೇ ಮೂವರು ಶಾಲೆಯ ಅಂಗಳದಲ್ಲಿ ಬೂಟು ಬಿಗಿಯುತ್ತಿದ್ದರು. ತೊಚಿದಾನಿ ಎಂದರೆ ಬೆಟ್ಟದ ಮೇಲಿನ ಬೆರಳೆಣಿಕೆಯ ಮನೆಗಳು. ಪ್ರವಾಹಕ್ಕೆ ರಸ್ತೆ ಕೊಚ್ಚಿಹೋಗಿತ್ತು, ಫೋನು ಸತ್ತಿತ್ತು. ಹೊರಟವರಲ್ಲಿ ಗೆನ್ಜೋ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಕ್ಯಾಪ್ಟನ್. ಉಳಿದ ದಿನಗಳಲ್ಲಿ ಕ್ಷೌರಿಕ. ತೆಟ್ಸುಯಾ ನೂಡಲ್ ಅಂಗಡಿಯವನು, ಬಾಯಿಗೆ ಬಿಡುವಿಲ್ಲದವನು. ಮಿಚಿರು ಚಿಕಿತ್ಸಾಲಯದ ನರ್ಸ್.

"ವಯರ್‌ಲೆಸ್ ಮುಟ್ಟಿಸ್ಬೇಕು, ಪೆಟ್ಟಾದೋರನ್ನ ನೋಡ್ಬೇಕು, ಮಳೆಗೆ ಮುಂಚೆ ವಾಪಸ್ ಬರ್ಬೇಕು," ಎಂದ ಗೆನ್ಜೋ. "ಗೇಟಿಗೆ ಹಳದಿ ಬಟ್ಟೆ ಕಟ್ಟಿದ್ರೆ ಆ ಮನೇಲಿ ಎಲ್ಲ ಕ್ಷೇಮ. ಅಲ್ಲಿ ನಿಲ್ಲೋದು ಬೇಡ. ಬಟ್ಟೆ ಇಲ್ಲದ ಮನೆಗೆ ಮೊದಲು."

"ವರ್ಷಾ ವರ್ಷಾ ಇದನ್ನೇ ಅಭ್ಯಾಸ ಮಾಡಿಸ್ತೀರಲ್ಲ ಕ್ಯಾಪ್ಟನ್, ಕನಸಲ್ಲೂ ಹಳದಿಯೇ ಕಾಣುತ್ತೆ," ಎಂದ ತೆಟ್ಸುಯಾ.

ಕಾಡಿನ ದಾರಿ ಗುರುತೇ ಸಿಗದಂತಾಗಿತ್ತು. ದೇವದಾರು ಮರಗಳು ಬೇರುಸಮೇತ ಮಗುಚಿ, ಒಂದರ ಮೇಲೊಂದು ಅಡ್ಡಬಿದ್ದಿದ್ದವು. ಹೆಜ್ಜೆ ಇಟ್ಟಲ್ಲೆಲ್ಲ ಕೆಂಪು ಕೆಸರು ಬೂಟನ್ನು ಹಿಡಿದೆಳೆಯುತ್ತಿತ್ತು. ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಮೇಲೆಲ್ಲೋ ಹಕ್ಕಿಯೊಂದು ಏನೂ ಆಗಿಲ್ಲವೆಂಬಂತೆ ಕೂಗುತ್ತಿತ್ತು. ಕಣಿವೆಯ ಹಳ್ಳದ ಮೇಲಿದ್ದ ಕಾಲುಸೇತುವೆ ಮಾಯವಾಗಿತ್ತು. ಗೆನ್ಜೋ ಮೊದಲು ದಾಟಿ ಎರಡೂ ದಡದ ಮರಗಳಿಗೆ ಹಗ್ಗ ಬಿಗಿದ. ಉಳಿದಿಬ್ಬರು ಅದನ್ನು ಹಿಡಿದು, ತೊಡೆಮಟ್ಟದ ನೀರಿನಲ್ಲಿ ಒಬ್ಬೊಬ್ಬರಾಗಿ ದಾಟಿದರು.

ತೊಚಿದಾನಿಯಲ್ಲಿ ಒಂದು ಮನೆಗೆ ಮಾತ್ರ ಬಟ್ಟೆ ಇರಲಿಲ್ಲ. ಅದು ತುತ್ತತುದಿಯಲ್ಲಿದ್ದ ಹಿಸಾಮತ್ಸುವಿನ ಮನೆ. ಏದುಸಿರು ಬಿಡುತ್ತ ಹತ್ತಿ ಹೋದರೆ, ಆ ಪುಣ್ಯಾತ್ಮ ಜಗಲಿಯ ಮೇಲೆ ಚಹಾ ಹೀರುತ್ತ ಕುಳಿತಿದ್ದ. ಹಳದಿ ಬಟ್ಟೆ ಅವನ ತಲೆಗೆ ಸುತ್ತಿತ್ತು.

"ಬೆವರು ಬರ್ತಿತ್ತು, ಕೈಗೆ ಇದೇ ಸಿಕ್ತು," ಎಂದು ಹಲ್ಲುಕಿರಿದ.

"ನಿನ್ನ ತಲೆ ಕ್ಷೇಮ ಅಂತ ಗೊತ್ತಾಯ್ತು. ಒಳಗೆ ಏನಿದೆ ಅನ್ನೋದು ಬೇರೆ ಮಾತು," ಎಂದು ರೇಗಿ ಗೆನ್ಜೋ ಒಂದು ವಯರ್‌ಲೆಸ್ಸನ್ನು ಅವನ ಕೈಗಿತ್ತ. ಇನ್ನೊಂದನ್ನು ತನ್ನ ಸೊಂಟದಲ್ಲೇ ಇಟ್ಟುಕೊಂಡ.

ಇಳಿಯುವಾಗ ತೆಟ್ಸುಯಾ ದುರ್ಬೀನು ಹಿಡಿದು ಎದುರು ಇಳಿಜಾರನ್ನು ನೋಡಿದ. ಅಲ್ಲಿ ಫುಮಿನೋ ಎಂಬ ಒಂಟಿ ಹೆಂಗಸಿನ ಮನೆ. ಕೊನ್ಯಾಕು ಗಡ್ಡೆ ಬೆಳೆದು ಪೇಟೆಗೆ ಹೊತ್ತು ತರುವ ಗಟ್ಟಿಗಿತ್ತಿ.

"ಕ್ಯಾಪ್ಟನ್, ಫುಮಿನೋ ಅಕ್ಕ ನಿಮಗಿಂತ ಉದ್ದ ಅಲ್ವಾ?"

"ಹೌದು. ಏನೀಗ?"

"ಬಟ್ಟೇನ ಗೇಟಿನ ಬುಡದಲ್ಲಿ ಕಟ್ಟಿದಾರೆ. ಮೊಣಕಾಲಿಗಿಂತ ಕೆಳಗೆ."

ನಿಂತು ಕಟ್ಟುವವರು ಅಷ್ಟು ಕೆಳಗೆ ಕಟ್ಟುವುದಿಲ್ಲ.

"ಹಿಂದೆ ಕೈ ಮುರಿದುಕೊಂಡು ಚಿಕಿತ್ಸಾಲಯಕ್ಕೆ ಬಂದಾಗ್ಲೂ ನೆಗಡಿಯೋರನ್ನೆಲ್ಲ ಮುಂದೆ ಬಿಟ್ಟು ಕೂತಿದ್ರು," ಎಂದಳು ಮಿಚಿರು.

ಗೆನ್ಜೋ ಆಕಾಶ ನೋಡಿದ. ಮೋಡ ಕಪ್ಪಾಗುತ್ತಿತ್ತು. ಅಲ್ಲಿಗೆ ಹೋದರೆ ಹಳ್ಳ ಉಕ್ಕುವ ಮೊದಲು ದಾಟುವುದು ಅನುಮಾನ.

"ನಡೀರಿ. ಆಕೆ ಚಹಾ ಕುಡೀತಾ ಕೂತಿದ್ರೆ ತೆಟ್ಸುಯಾ, ನಿನ್ನ ತಲೆ ನುಣ್ಣಗೆ ಬೋಳಿಸ್ತೀನಿ."

ಫುಮಿನೋ ಬಾಗಿಲ ಒಳಗೆ, ಮಣ್ಣಿನ ನೆಲದ ಮೇಲೆ ಮಲಗಿದ್ದಳು. ಕೊಟ್ಟಿಗೆಯ ಗೋಡೆ ಅವಳ ಕಾಲ ಮೇಲೆ ಬಿದ್ದಿತ್ತು. ಅದರಡಿಯಿಂದ ಬಿಡಿಸಿಕೊಂಡು, ಗೇಟಿನವರೆಗೆ ತೆವಳಿ, ಬಟ್ಟೆ ಕಟ್ಟಿ, ಮತ್ತೆ ತೆವಳಿ ಬಂದಿದ್ದಳು. ಇವರನ್ನು ಕಂಡವಳೇ ಮಲಗಿದ್ದಲ್ಲೇ ತಲೆಬಾಗಿಸಿದಳು.

"ಅಯ್ಯೋ, ಇಷ್ಟು ದೂರ ಬಂದಿದೀರಿ, ಚಹಾಕ್ಕೂ ಇಟ್ಟಿಲ್ಲ. ಕಾಲು ಸ್ವಲ್ಪ ಉಳುಕಿದೆ, ಅಷ್ಟೆ."

ಮಿಚಿರು ಪಾದ ಮುಟ್ಟಿದಳು. ಅದು ತಣ್ಣಗಾಗಿ ನೀಲಿಗಟ್ಟಿತ್ತು. "ಮುರಿದಿದೆ. ಇವತ್ತೇ ಆಸ್ಪತ್ರೆ ಸೇರದಿದ್ರೆ ಕಾಲು ಉಳಿಯಲ್ಲ."

ಗೆನ್ಜೋ ವಯರ್‌ಲೆಸ್ಸಿನಲ್ಲಿ ಕೇಳಿದ. ಮೋಡದಿಂದಾಗಿ ಹೆಲಿಕಾಪ್ಟರ್ ಬರುವಂತಿರಲಿಲ್ಲ.

"ಮತ್ತೆ ಆ ಬಟ್ಟೆ ಯಾಕೆ ಕಟ್ಟಿದ್ರಿ?" ಎಂದು ಗದರಿದ.

"ಕಟ್ಟದಿದ್ರೆ ನೀವು ಮೊದಲು ಇಲ್ಲಿಗೇ ಬರ್ತಿದ್ರಿ. ನನಗಿಂತ ಕಷ್ಟದಲ್ಲಿರೋರು ಇರ್ತಾರಲ್ವಾ?"

ಗೆನ್ಜೋನ ಸಿಟ್ಟು ಕರಗಿತು. ಇಂಥವಳನ್ನು ಬೈಯುವುದು ಹೇಗೆ? ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಅವಳು ಗಡ್ಡೆ ಹೊರುತ್ತಿದ್ದ ಮರದ ಬೆನ್ನುಚೌಕಟ್ಟು ಗೋಡೆಗೆ ಒರಗಿತ್ತು. ಕಾಲಿಗೆ ಹಲಗೆ ಕಟ್ಟಿ, ಅವಳನ್ನು ಅದರ ಮೇಲೆ ಕೂರಿಸಿ ಪಟ್ಟಿಯಿಂದ ಬಿಗಿದರು. ಗೆನ್ಜೋ ಹೊತ್ತುಕೊಂಡ.

ಹಳ್ಳ ತಲುಪುವಷ್ಟರಲ್ಲಿ ಮಳೆ ಹೊಡೆಯುತ್ತಿತ್ತು. ನೀರು ಸೊಂಟಕ್ಕೇರಿತ್ತು.

"ನನ್ನನ್ನ ಇಲ್ಲೇ ಬಿಡಿ. ನಾಳೆ ಬಂದ್ರಾಯ್ತು."

"ಸುಮ್ನಿರಿ ಫುಮಿನೋ ಅವ್ರೇ. ಹಿಂದೆ ಆಗೋದು ನನಗೆ ಕಾಣಲ್ಲ. ಪಟ್ಟಿ ಸಡಿಲಾದ್ರೆ ಕೂಗ್ಬೇಕು. ಸಂಕೋಚಪಟ್ರೆ ಇಬ್ಬರೂ ಮುಳುಗ್ತೀವಿ."

ಮಿಚಿರು ಮೊದಲು ದಾಟಿದಳು. ಗೆನ್ಜೋ ಹಗ್ಗ ಹಿಡಿದು ಇಳಿದ. ತೆಟ್ಸುಯಾ ಬೆನ್ನ ಹಿಂದೆ.

ನಡುನೀರಿನಲ್ಲಿ ಕೊಂಬೆಯೊಂದು ರಪ್ಪನೆ ಬಡಿಯಿತು. ತೆಟ್ಸುಯಾ ಕಾಲುಜಾರಿ ಹಗ್ಗಕ್ಕೆ ಜೋತುಬಿದ್ದ.

ಚೌಕಟ್ಟು ಒಂದು ಕಡೆಗೆ ವಾಲಿತು. ಫುಮಿನೋ ಹಲ್ಲುಕಚ್ಚಿದಳು.

"ಜಾರ್ತಿದೀನಿ!" ಎಂದು ಕಿರುಚಿದಳು. "ಎಡಗಡೆ! ಹಿಡ್ಕೊಳ್ಳಿ! ಅಯ್ಯೋ ನೋವು, ತಡ್ಕೊಳಕ್ಕಾಗ್ತಿಲ್ಲ!"

ಗೆನ್ಜೋ ಎಡಕ್ಕೆ ಕೈಚಾಚಿ ಪಟ್ಟಿ ಹಿಡಿದ. ತೆಟ್ಸುಯಾ ಎದ್ದು ಹೆಗಲು ಕೊಟ್ಟ. ಮಿಚಿರು ದಡದಿಂದ ಚೌಕಟ್ಟನ್ನೇ ಹಿಡಿದೆಳೆದಳು. ನಾಲ್ವರೂ ಕೆಸರಿನಲ್ಲಿ ಬಿದ್ದರು, ಈಚೆ ದಡದ ಕೆಸರಿನಲ್ಲಿ.

"ಎಂಥಾ ಗಂಟಲು ಅಕ್ಕಾ!" ತೆಟ್ಸುಯಾ ಕೆಮ್ಮುತ್ತ ನಕ್ಕ. "ಪುರಸಭೆಯ ಧ್ವನಿವರ್ಧಕ ಕೆಟ್ಟರೆ ಚಿಂತೆಯಿಲ್ಲ."

ಮುಸ್ಸಂಜೆಗೆ ಶಾಲೆಯ ಅಂಗಳ ಸೇರಿದಾಗ ಆಂಬುಲೆನ್ಸ್ ಕಾದಿತ್ತು. ಪಾದದಲ್ಲಿ ಇನ್ನೂ ಜೀವವಿದೆ, ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಅದರಲ್ಲಿದ್ದ ವೈದ್ಯರು. ಫುಮಿನೋಳನ್ನು ಒಳಗೆ ಮಲಗಿಸಿ ಬಾಗಿಲು ಹಾಕುವಾಗ ಅವಳು ಮಿಚಿರುವಿನ ತೋಳು ಹಿಡಿದಳು.

"ತೊಂದರೆ ಆಗುತ್ತೇನೋ..." ಎಂದು ತಡವರಿಸಿದಳು. "ಜೊತೆಗೆ ಬರ್ತೀರಾ? ನನಗೆ ಹೆದರಿಕೆ ಆಗ್ತಿದೆ."

ಮಿಚಿರು ಹತ್ತಿ ಕುಳಿತಳು. ಹಿಂದೆಯೇ ತೆಟ್ಸುಯಾ, ಅವನ ಹಿಂದೆ ಗೆನ್ಜೋ. ಇಷ್ಟು ಕೆಸರು ಮೆತ್ತಿಕೊಂಡು ಒಳಗೆ ಬರುವಂತಿಲ್ಲ, ಒಬ್ಬರು ಸಾಕು ಎಂದು ಡ್ರೈವರ್ ರೇಗಿದ. ಯಾರೂ ಇಳಿಯಲಿಲ್ಲ. ಇಳಿಯಿರಿ ಎಂದು ಫುಮಿನೋ ಕೂಡ ಹೇಳಲಿಲ್ಲ.