ಬ್ರಿತೊ ಮನೆತನದ ಸಮಾಧಿಕಲ್ಲು

೧೯೯೮ರ ಮಾರ್ಚ್ ೧೩, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅನ್ಸೆಲ್ಮೊ ಬ್ರಿತೊ ಏದುಸಿರು ಬಿಡುತ್ತ ಕ್ಯೂಬಾದ ಕಬಾಯಿಗ್ವಾನ್ ಊರಿನ ಪೊಲೀಸ್ ಠಾಣೆಗೆ ನುಗ್ಗಿದ.

"ಸಾಹೇಬ್ರೇ, ನಮ್ಮಪ್ಪನ ಸಮಾಧಿಕಲ್ಲು ಕದ್ದಿದಾರೆ! ನಾಳೆ ಹುಡುಗಿ ಬಂದ್ರೆ ಏನ್ ತೋರಿಸ್ಲಿ?"

ಇನ್‌ಸ್ಪೆಕ್ಟರ್ ನೊರ್ಬೆರ್ತೊ ಎಫ್‌ಐಆರ್ ದಾಖಲಿಸಿದ. ಅನ್ಸೆಲ್ಮೊನ ಅಪ್ಪ ಹದಿನೇಳರ ವಯಸ್ಸಿನಲ್ಲಿ ಸ್ಪೇನಿನ ಲಾ ಪಾಲ್ಮಾ ದ್ವೀಪ ಬಿಟ್ಟು ಕ್ಯೂಬಾದ ಹಡಗು ಹತ್ತಿದವನು. ಆ ಅಪ್ಪನ ಅಕ್ಕನ ಮೊಮ್ಮಗಳು ವಂಶದ ಬೇರು ಹುಡುಕುತ್ತ ಸ್ಪೇನಿನಿಂದ ಮರುದಿನವೇ ಬಂದಿಳಿಯುವವಳಿದ್ದಳು. ಅಪ್ಪ ಹುಟ್ಟಿದ ಊರಿನ ಹೆಸರಿದ್ದದ್ದು ಆ ಕಲ್ಲಿನ ಮೇಲೆ ಮಾತ್ರ. ಬೀದಿಗೆ ಬೀದಿಯೇ ಸಂಭ್ರಮದಲ್ಲಿತ್ತು, ಸುಡಲು ಹಂದಿಯನ್ನೂ ಗೊತ್ತುಮಾಡಿಯಾಗಿತ್ತು.

ಸ್ಮಶಾನದಲ್ಲಿ ಪಂಚನಾಮೆ ನಡೆಯಿತು. ಕಲ್ಲನ್ನು ಒಡೆದಿರಲಿಲ್ಲ. ಗಾರೆ ಕೆರೆದು ಹುಷಾರಾಗಿ ಬಿಡಿಸಿದ್ದರು. ಹೂದಾನಿ ಇದ್ದಲ್ಲೇ ಇತ್ತು. ಪಕ್ಕದಲ್ಲಿ ಬಾಳೆಎಲೆ, ಅದರ ಮೇಲೊಂದು ಹುರಿಹಿಟ್ಟಿನ ಉಂಡೆ!

"ಕಳ್ಳ ತಿಂಡಿ ಕಟ್ಕೊಂಡು ಬಂದಿದ್ನಾ ಸಾರ್?" ಎಂದ ಕಾನ್‌ಸ್ಟೇಬಲ್ ಯುಸ್ನಿಯೆಲ್.

"ತಿಂದಿಲ್ವಲ್ಲೋ ಪೆದ್ದ, ಎಡೆ ಇಟ್ಟಿದಾರೆ. ಅನ್ಸೆಲ್ಮೊ, ನಿಮ್ಮನೇದಾ ಇದು?"

"ಅಲ್ಲ, ನಮ್ದು ಗೋಧಿ ಹಿಟ್ಟು, ಇದು ಮೆಕ್ಕೆಜೋಳದ್ದು. ಅಪ್ಪಂಗೆ ಮಾತ್ರ ಮೆಕ್ಕೆಜೋಳದ್ದೇ ಆಗ್ಬೇಕಿತ್ತು, ಜೇನು ಹಾಕಿ."

ನೊರ್ಬೆರ್ತೊನ ಕಿವಿ ನಿಮಿರಿತು. ಸತ್ತವನ ನಾಲಿಗೆ ರುಚಿ ಬಲ್ಲ ಕಳ್ಳ!

"ಊರಲ್ಲಿ ಮೆಕ್ಕೆಜೋಳ ಹುರಿಯೋರು ಯಾರಿದಾರೆ?"

ಅನ್ಸೆಲ್ಮೊ ಮುಖ ಆಚೆ ತಿರುಗಿಸಿದ. ಯುಸ್ನಿಯೆಲ್ ಹೇಳಿದ: "ಹೊಗೆಸೊಪ್ಪಿನ ಗೋದಾಮಿನ ನಿಯೆವೆಸಜ್ಜಿ ಸಾರ್. ನಂಗೂ ಕೊಡ್ತಾಳೆ."

"ನಿಂಗೇನಾಗ್ಬೇಕು ಅವಳು, ಅನ್ಸೆಲ್ಮೊ?"

"ಅಪ್ಪನ ಮದ್ವೆಗೆ ಮುಂಚೆ ಹುಟ್ಟಿದೋಳು. ಅಪ್ಪ ಅವಳಿಗೆ ಮನೆತನದ ಹೆಸರು ಕೊಡ್ಲಿಲ್ಲ, ನಾವೂ ಮಾತಾಡ್ಸಲ್ಲ."

ಮೂವರನ್ನೂ ಹೊತ್ತು ಜೀಪು ಧೂಳೆಬ್ಬಿಸಿಕೊಂಡು ಓಡಿತು. ನಿಯೆವೆಸಳ ಮನೆಬಾಗಿಲು ತೆರೆದೇ ಇತ್ತು. ಅಬ್ಬಾ, ಮೇಜಿನ ಮೇಲೆ ಕಲ್ಲು! ಅವಳು ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದಳು. 'ಮಗ ಅನ್ಸೆಲ್ಮೊ ಬ್ರಿತೊ' ಎಂಬುದರ ಕೆಳಗೆ, ಅಂಚಿಗೆ ಒತ್ತಿಕೊಂಡು ಸೊಟ್ಟ ಸೊಟ್ಟ ಹೊಸ ಅಕ್ಷರ: 'ಮಗಳು ನಿಯೆವೆಸ್ ಬ್ರಿತೊ'.

"ಕದ್ದಿದ್ದು ಒಪ್ತೀಯಾ ಅಜ್ಜಿ?"

"ಕದ್ದಿಲ್ಲಪ್ಪ. ಸಂಜೆ ವಾಪಸ್ ಕೂರಿಸ್ತಿದ್ದೆ. ಆ ಹುಡುಗಿ ನಮ್ಮ ವಂಶದೋರ್ನೆಲ್ಲ ಬರ್ಕೊಳಕ್ಕೆ ಬರ್ತಿದಾಳಂತೆ. ನಾನು ಲೆಕ್ಕಕ್ಕೇ ಇಲ್ವಾ?"

ಕಾನೂನು ಕಾನೂನೇ. ನೊರ್ಬೆರ್ತೊ ಬಂಧನದ ಕಾಗದ ತೆಗೆದು ಹೆಸರು ಕೇಳಿದ. "ಬ್ರಿತೊ ಅಂತ್ಲೇ ಬರ್ಕೊ," ಎಂದಳು. ಅವನು ಹಾಗೆಯೇ ಬರೆದ.

ಅನ್ಸೆಲ್ಮೊ ಹತ್ತಿರ ಬಂದು ಕಲ್ಲಿನ ಆ ಹೊಸ ಸಾಲಿನ ಮೇಲೆ ಬೆರಳಾಡಿಸಿದ. ಹುಟ್ಟಿದಾರಭ್ಯ ಅವನು ಅವಳನ್ನು ಮಾತಾಡಿಸಿದ್ದು ಇದೇ ಮೊದಲು.

"ಯಾಕೆ ಇಷ್ಟು ಸಣ್ಣಕ್ಕೆ ಕೆತ್ಕೊಂಡೆ?"

"ನೀನು ಜಾಗವೇ ಬಿಟ್ಟಿರ್ಲಿಲ್ವಲ್ಲೋ, ತಮ್ಮಾ."